ಲೈವ್ ಯುಎಸ್‌ಬಿ

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸುವ ವ್ಯವಸ್ಥೆ. ಮನೆಯ ಯಂತ್ರಕ್ಕೆ ಯಾವ ಲಿನಕ್ಸ್ ಹೊಂದುತ್ತದೆಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಹೊರತಂದ, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಆಧರಿಸಿದ ಕ್ನಾಪಿಕ್ಸ್ ಸಿಡಿ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಸಿಡಿಯ ಜಾಗಕ್ಕೆ ಪೆನ್‌ಡ್ರೈವ್ ಆಮೇಲೆ ಬಂತು.

ಹೀಗೆ ಪರೀಕ್ಷಿಸುವಾಗ ಡೆಸ್ಕ್‌ಟಾಪ್‌ನ ಅಂದ ನೋಡುತ್ತ ಕೂರುವ ಬದಲು ವೈಫೈ, ಧ್ವನಿ, ಟಚ್‌ಪ್ಯಾಡ್ ಕೆಲಸ ಮಾಡುತ್ತವೆಯೇ, ಮುಚ್ಚಿದ ಲ್ಯಾಪ್‌ಟಾಪ್ ತೆರೆದಾಗ ಎಚ್ಚರಗೊಳ್ಳುತ್ತದೆಯೇ ಎಂದು ನೋಡಬೇಕು. ಹೆಚ್ಚು ಕಾಡುವುದು ವೈಫೈ. ಬ್ರಾಡ್‌ಕಾಮ್ ಚಿಪ್ ಇರುವ ಹಲವು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ನೆಟ್‌ವರ್ಕ್‌ಗಳ ಪಟ್ಟಿಯೇ ಕಾಣದು. ಚಿಪ್‌ಗೆ ಬೇಕಾದ ಫರ್ಮ್‌ವೇರ್ ಮುಕ್ತ ಪರವಾನಗಿಯದಲ್ಲದ ಕಾರಣ ಎಷ್ಟೋ ವಿತರಣೆಗಳು ಅದನ್ನು ಜೊತೆಗೆ ಕೊಡುತ್ತಿರಲಿಲ್ಲ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಎಂದು ಕೇಳಿದರೆ ಚಿಪ್‌ನ ಹೆಸರು ಸಿಗುತ್ತದೆ, ‘ಡಿಎಂಇಎಸ್‌ಜಿ’ ಎಂದರೆ ಕರ್ನಲ್‌ನ ದೂರುಗಳು. ವೈಫೈ ಇಲ್ಲದಿದ್ದರೂ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ, ಅದರ ಇಂಟರ್ನೆಟ್‌ನಿಂದ ಡ್ರೈವರ್ ಹಾಕಿಕೊಳ್ಳಬಹುದು. 2023ರ ಡೆಬಿಯನ್ 12 ಇಂಥ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸೇರಿಸಿದ್ದರಿಂದ ತಾಪತ್ರಯ ಕಡಿಮೆಯಾಗಿದೆ.

ಲೈವ್‌ನಲ್ಲಿ ನಿಧಾನ ಎನಿಸಿದರೆ ಯಂತ್ರವನ್ನು ದೂರಬೇಕಿಲ್ಲ, ಸಾಮಾನ್ಯವಾಗಿ ಪೆನ್‌ಡ್ರೈವೇ ನಿಧಾನ. ಉಳಿಸಿಕೊಳ್ಳುವ ಏರ್ಪಾಡು ಮೊದಲೇ ಮಾಡದಿದ್ದರೆ, ಅಲ್ಲಿ ಬದಲಿಸಿದ ಸೆಟ್ಟಿಂಗ್‌ಗಳೆಲ್ಲ ಯಂತ್ರ ಆರಿಸಿದೊಡನೆ ಅಳಿದುಹೋಗುತ್ತವೆ.