ಬೆಂಗಳೂರಿನ ಪುರಸಭೆಗಳೂ ವಿದ್ಯುಚ್ಛಕ್ತಿಯ ಮೂಲವೂ

ಬೆಂಗಳೂರು ಪೇಟೆಯ ಬೀದಿಗಳಲ್ಲಿ ವಿದ್ಯುದ್ದೀಪಗಳು ಮೊದಲು ಬೆಳಗಿದುದು 1905ನೆಯ ಇಸವಿ ಆಗಸ್ಟ್ ತಿಂಗಳ 5ನೆಯ ತಾರೀಖಿನಂದು. ಏಷ್ಯಾಖಂಡದಲ್ಲಿಯೇ ವಿದ್ಯುದ್ದೀಪವನ್ನು ಕಂಡ ಮೊದಲನೆಯ ನಗರವು ಇದೆಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಇದು ಅಭಿಮಾನದ ಮಾತೇ ಹೊರತು ಚರಿತ್ರೆಯ ಮಾತಲ್ಲ. ಚೀನಾ ದೇಶದ ಷಾಂಘೈ ನಗರವು 1882ರಲ್ಲಿಯೇ ಇಂಥ ದೀಪಗಳನ್ನು ಪಡೆದಿದ್ದಿತು. ಭರತಖಂಡದೊಳಗೂ ಬೆಂಗಳೂರಿಗೆ ಎಂಟು ವರ್ಷ ಮುಂಚೆ, 1897ರ ನವೆಂಬರ್ 10ರಂದು, ಡಾರ್ಜಿಲಿಂಗಿನ ಬಳಿಯ ಸಿದ್ರಾಪಾಂಗ್ ಎಂಬಲ್ಲಿ ಗಿರಿನದಿಯ ನೀರಿನಿಂದ ತಿರುಗುವ ಎರಡು ಸಣ್ಣ ಯಂತ್ರಗಳು ಕೆಲಸಕ್ಕೆ ತೊಡಗಿದ್ದುವು. ಅವುಗಳ ಶಕ್ತಿ ತಲಾ 65 ಕಿಲೋವಾಟ್ ಮಾತ್ರ.

ಆದರೆ ಮೊದಲನೆಯದು ಯಾವುದೆಂಬ ಚರ್ಚೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಈ ಎರಡು ಊರುಗಳನ್ನು ಹೋಲಿಸಿದಾಗ ಅದಕ್ಕಿಂತ ಮುಖ್ಯವಾದ ಭೇದವೊಂದು ಕಾಣುತ್ತದೆ. ಸಿದ್ರಾಪಾಂಗಿನ ಯಂತ್ರಾಲಯವನ್ನು ನಡೆಯಿಸಿದುದು ಡಾರ್ಜಿಲಿಂಗಿನ ಪುರಸಭೆ. ಬೆಂಗಳೂರಿಗೆ ಬೆಳಕನ್ನಿತ್ತ ಶಿವನಸಮುದ್ರದ ಯಂತ್ರಾಲಯವು ಮೈಸೂರು ಸರ್ಕಾರದ್ದು. ಅಲ್ಲಿಯ ಪುರಸಭೆ ದೀಪಕ್ಕೂ ದೀಪದ ಮೂಲಕ್ಕೂ ಒಡೆತನವನ್ನು ಪಡೆದಿದ್ದಿತು. ಇಲ್ಲಿಯದು ದೀಪದ ಕಂಬಕ್ಕೆ ಮಾತ್ರ. ಬತ್ತದ ಮೂಲಗಳಾದ ನೀರು, ಬಿಸಿಲು, ಗಾಳಿ, ಸಗಣಿಗಳಿಂದ ಶಕ್ತಿಯನ್ನು ಪಡೆಯುವ ಕಾರ್ಯಕ್ಕೆ ಸ್ಥಳೀಯ ಸಭೆಗಳೇ ಮುಂದಾಗಬೇಕೆಂದು ಎಲ್ಲೆಡೆಯೂ ಹೇಳುತ್ತಿರುವ ಈ ಕಾಲದಲ್ಲಿ, ಬೆಂಗಳೂರಿನ ಸಭೆಗಳಿಗೆ ಆ ಅಧಿಕಾರವು ಎಂದಾದರೂ ಇದ್ದಿತೇ ಎಂಬುದನ್ನು ವಿಚಾರಿಸುವುದು ಉಚಿತ.

ಕನ್ನಡನಾಡಿನ ಹಳೆಯ ಪದ್ಧತಿ ಬೇರೆಯಾಗಿದ್ದಿತು. ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ದತ್ತಿಗಳನ್ನು ನೋಡಿದವರಿಗೆ ಇದು ತಿಳಿದ ಸಂಗತಿ. ದೀವಿಗೆಯನ್ನು ಮಾತ್ರ ದಾನಮಾಡಿ ಸುಮ್ಮನಾದ ದಾನಿ ವಿರಳ. ಸೊಡರಿನ ಎಣ್ಣೆ ಎಲ್ಲಿಂದ ಬರಬೇಕೆಂಬುದನ್ನೂ ಅದೇ ಕಲ್ಲಿನಲ್ಲಿ ಬರೆಯಿಸುವುದು ವಾಡಿಕೆ. ಇಂಥ ಹೊಲದ ಆದಾಯ, ಇಂಥ ಗಾಣದಿಂದ ಇಷ್ಟು ಎಣ್ಣೆ ಎಂದು ಗೊತ್ತುಮಾಡಿ, ಧರ್ಮವು ತಪ್ಪದೆ ನಡೆಯುವಂತೆ ನೋಡಿಕೊಳ್ಳುವ ಹೊಣೆಯನ್ನು ಊರಿನ ಮಹಾಜನರಿಗೋ ನಖರಕ್ಕೋ ಒಪ್ಪಿಸುತ್ತಿದ್ದರು. ಇವು ದೇವಾಲಯದ ದೀಪಗಳು, ಬೀದಿಯ ದೀಪಗಳಲ್ಲ ಎಂಬುದು ನಿಜ. ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಆದರೂ ದೀಪವನ್ನು ನಡೆಯಿಸುವ ಸಭೆಗೆ ಎಣ್ಣೆಯ ಮೇಲೆಯೂ ಹಿಡಿತವಿರಬೇಕೆಂಬ ವಿವೇಕವು ಅಲ್ಲಿದ್ದಿತು.

ಈಗಿನ ಬೆಂಗಳೂರಿನ ಪುರಸಭೆಗಳು ಹುಟ್ಟಿದುದು 1862ರಲ್ಲಿ, ಪಟ್ಟಣಗಳ ಸುಧಾರಣೆಗಾಗಿ 1850ರಲ್ಲಿ ಆದ ಕಾಯಿದೆಯ ಆಧಾರದ ಮೇಲೆ. ಪೇಟೆಗೊಂದು, ದಂಡಿಗೊಂದು, ಹೀಗೆ ಎರಡು ಸಭೆಗಳಾದುವು. ಚೊಕ್ಕಟ, ರಸ್ತೆ, ಚರಂಡಿ, ದೀಪ, ಇವು ಅವುಗಳ ಕೆಲಸ. ದೀಪವೆಂದರೆ ಸೀಮೆಎಣ್ಣೆಯ ದೀಪ. ಅದರ ಎಣ್ಣೆ ಹಡಗಿನಲ್ಲಿ ಬರುವ ಪದಾರ್ಥ. ಗಾಣದ ಎಣ್ಣೆಯನ್ನು ಸೀಮೆಎಣ್ಣೆ ಹಿಂದಟ್ಟಿದ ದಿನವೇ ಬೆಳಕಿನ ಮೂಲವು ಊರಿನ ಕೈಬಿಟ್ಟಿತೆಂದು ಹೇಳಬಹುದು. ನೀರಿನ ವಿಷಯದಲ್ಲಿಯೂ ಇದೇ ದಾರಿ. ನಗರದ ವಾಯವ್ಯಕ್ಕಿರುವ ಹೆಸರಘಟ್ಟದ ಕೆರೆಯಿಂದ ನೀರನ್ನು ತರುವ ಚಾಮರಾಜೇಂದ್ರ ಜಲಕಾರ್ಯವು 1894ರಲ್ಲಿ ಆರಂಭವಾಗಿ 1896ರಲ್ಲಿ ನೀರನ್ನೊದಗಿಸಿತು. ಅರ್ಕಾವತಿಯ ನೀರು ತಾನಾಗಿಯೇ ಸೋಲದೇವನಹಳ್ಳಿಯವರೆಗೆ ಹರಿದು ಬರುವುದು. ಅಲ್ಲಿಂದ ಮೇಲಕ್ಕೆತ್ತಲು ಆವಿಯಂತ್ರಗಳು ಬೇಕಾದುವು. ಊರಿನ ಬಾಯಾರಿಕೆಯೂ ಒಲೆಯ ಉರಿಯನ್ನು ನೆಚ್ಚಿಕೊಂಡಿತು.

ಇಂಥ ಸಮಯದಲ್ಲಿ ಕಾವೇರಿಯ ಶಕ್ತಿಯು ಬಂದಿತು. ಶಿವನಸಮುದ್ರದ ಯೋಜನೆಯ ಕಥೆ ಪ್ರಸಿದ್ಧವಾದುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ ಇಂಜಿನಿಯರ್ ಜಾಲಿ ದ ಲಾಟ್ಬಿನಿಯೇರ್ ಅವರು ಇದನ್ನು ರೂಪಿಸಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯು ವಿದ್ಯುದ್ಯಂತ್ರಗಳನ್ನೂ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯು ಜಲಚಕ್ರಗಳನ್ನೂ ಒದಗಿಸಿದುವು. 1902ರ ಜೂನ್ 30ರಂದು ವಿದ್ಯುತ್ತು 92 ಮೈಲಿಗಳ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಇದನ್ನು ಕಣ್ಣಾರೆ ಕಾಣಲು ಶೇಷಾದ್ರಿ ಅಯ್ಯರ್ ಅವರು ಉಳಿದಿರಲಿಲ್ಲ; 1901ರ ಸೆಪ್ಟೆಂಬರಿನಲ್ಲಿಯೇ ಅವರು ಕಾಲವಾಗಿದ್ದರು.

ಗಮನಿಸಬೇಕಾದುದೇನೆಂದರೆ, ಈ ಯೋಜನೆ ಹುಟ್ಟಿದುದು ಯಾವ ಊರಿನ ಕತ್ತಲೆಯನ್ನು ಕಳೆಯುವುದಕ್ಕಾಗಿಯೂ ಅಲ್ಲ. ಗಣಿಯ ಕಂಪೆನಿಗಳು ಕೊಳ್ಳುವುದಾಗಿ ಕರಾರು ಮಾಡಿಕೊಂಡುದರಿಂದಲೇ ಸರ್ಕಾರವು ಅಷ್ಟು ಹಣವನ್ನು ಹೂಡಲು ಧೈರ್ಯಮಾಡಿತು. ಬೆಂಗಳೂರು ಎರಡನೆಯ ಗಿರಾಕಿ. ಗಣಿಗಳಿಗೆ ವಿದ್ಯುತ್ತು ಮುಟ್ಟಿದ ಮೂರು ವರ್ಷಗಳ ಮೇಲೆ ಅದರ ಸರದಿ ಬಂದಿತು. ಪುರಸಭೆಯು ತಾನೇ ಇಂಥದೊಂದು ಯಂತ್ರಾಲಯವನ್ನು ಕಟ್ಟಬಹುದಾಗಿದ್ದಿತೆಂದು ಹೇಳುವುದು ನ್ಯಾಯವಲ್ಲ. ಡಾರ್ಜಿಲಿಂಗಿನಂತೆ ಮನೆಯ ಬಾಗಿಲಲ್ಲಿ ಧುಮುಕುವ ಹೊಳೆ ಬೆಂಗಳೂರಿಗಿಲ್ಲ. ಕೆರೆಗಳನ್ನು ನೆಚ್ಚಿ ದಿಣ್ಣೆಯ ಮೇಲೆ ಬೆಳೆದ ಊರು ಇದು. ಅರವತ್ತು ಮೈಲಿ ಆಚೆಯ ಜಲಪಾತದ ಮೇಲೆ ಒಂದು ಪುರಸಭೆಗೆ ಯಾವ ಅಧಿಕಾರವೂ ಇರಲಾರದು. ಆದುದರಿಂದ ಕೊಳ್ಳುವವನ ಸ್ಥಾನವು ಆಗ ಬಲವಂತವಾಗಿ ಬಂದ ಸ್ಥಾನವಲ್ಲ, ಸಹಜವಾಗಿಯೇ ಬಂದುದು. ಆಶ್ಚರ್ಯವೆಂದರೆ, ಕಾಲ ಬದಲಾದ ಮೇಲೂ ಅದು ಬದಲಾಗದೆ ಉಳಿದುದು.

ಜನರು ಹೊಸ ವಸ್ತುವನ್ನು ಬೇಗನೆ ತಮ್ಮದಾಗಿಸಿಕೊಂಡರು. ಪುಸ್ತಕದ ಭಾಷೆ ಅದನ್ನು ವಿದ್ಯುಚ್ಛಕ್ತಿಯೆಂದು ಕರೆಯಿತು. ಬೀದಿಯ ಭಾಷೆ ‘ಕರೆಂಟು’ ಎಂದಿತು, ‘ಲೈಟುಕಂಬ’ವೆಂದಿತು. ಈಗ ಲೈಟುಕಂಬವೇ ಮನೆಯ ಗುರುತು ಹೇಳುವ ಮಾತಾಗಿದೆ. ಆದರೆ ಆಡಳಿತದಲ್ಲಿ ಅಧಿಕಾರವು ಊರಿನಿಂದ ದೂರಕ್ಕೆ ಸರಿಯುತ್ತಲೇ ಹೋಯಿತು. ಸರ್ಕಾರದ ವಿದ್ಯುಚ್ಛಕ್ತಿ ಇಲಾಖೆಯ ಜಾಗದಲ್ಲಿ 1957ರಲ್ಲಿ ಮಂಡಲಿ ಬಂದಿತು. ಉತ್ಪಾದನೆಗೆ 1970ರಲ್ಲಿ ಬೇರೊಂದು ನಿಗಮವಾಯಿತು. 1999ರಲ್ಲಿ ಮಂಡಲಿ ಹೋಗಿ ಪ್ರಸರಣ ನಿಗಮವೂ 2002ರಲ್ಲಿ ಬೆಂಗಳೂರಿನ ಸರಬರಾಜು ಕಂಪೆನಿಯೂ ಬಂದುವು. ನಗರದ ಎರಡು ಸಭೆಗಳು 1949ರಲ್ಲಿ ಒಂದಾಗಿ ಕಾರ್ಪೊರೇಷನ್ ಆದರೂ ಈ ಸರಣಿಯಲ್ಲಿ ಅದಕ್ಕೆ ಎಲ್ಲಿಯೂ ಸ್ಥಾನವಿಲ್ಲ. ಅದು ಬೀದಿದೀಪದ ಲೆಕ್ಕವನ್ನು ಸಲ್ಲಿಸುವ ಗಿರಾಕಿ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ಮತ್ತು 74ನೆಯ ತಿದ್ದುಪಡಿಗಳನ್ನು ಜೊತೆಯಾಗಿಟ್ಟು ಓದಿದರೆ ಈ ಸ್ಥಿತಿಯೇ ಶಾಸನದ ರೂಪವನ್ನು ತಾಳಿದುದು ಕಾಣುತ್ತದೆ. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳು ಹನ್ನೊಂದನೆಯ ಅನುಸೂಚಿಯಲ್ಲಿವೆ. ಅವುಗಳಲ್ಲಿ 14ನೆಯದು ಗ್ರಾಮಗಳ ವಿದ್ಯುದೀಕರಣ ಹಾಗೂ ವಿದ್ಯುತ್ತಿನ ಹಂಚಿಕೆ; 15ನೆಯದು ಅಸಾಂಪ್ರದಾಯಿಕ ಶಕ್ತಿಮೂಲಗಳು. ಪುರಸಭೆಗಳಿಗೆ ಸಂಬಂಧಪಟ್ಟ ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳಿವೆ. ಅವುಗಳಲ್ಲಿ ಶಕ್ತಿಯ ಮೂಲದ ಹೆಸರಿಲ್ಲ. 17ನೆಯ ವಿಷಯದಲ್ಲಿ, ವಾಹನ ನಿಲ್ಲಿಸುವ ಸ್ಥಳ, ಬಸ್ಸಿನ ತಂಗುದಾಣಗಳ ಜೊತೆಯಲ್ಲಿ, ಬೀದಿದೀಪವು ಬರುತ್ತದೆ. ಹಳ್ಳಿಗೆ ಮೂಲ, ನಗರಕ್ಕೆ ಕಂಬ. ಇದನ್ನು ಬರೆದವರು ಹೀಗೆಂದು ಉದ್ದೇಶಪಟ್ಟು ಬರೆದರೆಂದು ಹೇಳಲು ಆಧಾರವಿಲ್ಲ. ರೂಢಿಯಲ್ಲಿದ್ದುದು ಲೇಖನಿಗೆ ಬಂದಿತೆಂದು ಊಹಿಸುವುದೇ ಮೇಲು.

ಹಳ್ಳಿಯ ಸಭೆಯೊಂದು ಶಕ್ತಿಯ ಮೂಲವನ್ನು ತನ್ನ ಕೈಯಲ್ಲಿಟ್ಟುಕೊಂಡರೆ ಏನಾಗುವುದೆಂಬುದಕ್ಕೆ ಈ ತಿದ್ದುಪಡಿಗಳಿಗಿಂತಲೂ ಮುಂಚಿನ ನಿದರ್ಶನವೊಂದುಂಟು. ಅದರ ಬೇರು ಉತ್ತರ ಬೆಂಗಳೂರಿನಲ್ಲಿಯೇ ಇದೆ. ಮಲ್ಲೇಶ್ವರಕ್ಕೂ ಯಶವಂತಪುರಕ್ಕೂ ಸಮೀಪದಲ್ಲಿರುವ ಭಾರತೀಯ ವಿಜ್ಞಾನಮಂದಿರದಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ ನಾರಾಯಣ ರೆಡ್ಡಿಯವರು, ವಿಜ್ಞಾನವು ಹಳ್ಳಿಗಳಿಗೆ ಒದಗಬೇಕೆಂಬ ಉದ್ದೇಶದಿಂದ, ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ಅವರೂ ಅವರ ಸಹೋದ್ಯೋಗಿಗಳೂ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಶಕ್ತಿಯ ಬಳಕೆಯ ಲೆಕ್ಕವನ್ನು ಬರೆದರು. ಆ ಹಳ್ಳಿಗಳಲ್ಲೊಂದರ ಹೆಸರು ಪುರ. ಹೆಸರು ದೊಡ್ಡದು, ಊರು ಚಿಕ್ಕದು; 1977ರಲ್ಲಿ ಅಲ್ಲಿದ್ದುದು 56 ಮನೆ, 357 ಜನ. ಊರು ಬಳಸುವ ಶಕ್ತಿಯಲ್ಲಿ ನೂರಕ್ಕೆ 89ರಷ್ಟು ಸೌದೆಯಿಂದ ಬರುತ್ತಿದ್ದಿತು. ವಿದ್ಯುತ್ತಿನ ಪಾಲು ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ. ಸೌದೆಯನ್ನು ಆಯ್ದು ತರಲು ಒಂದೊಂದು ಮನೆಯವರು ದಿನಕ್ಕೆ ಎರಡು ಗಂಟೆಗೂ ಮಿಕ್ಕು ಕಾಲವನ್ನು ಕಳೆಯುತ್ತಿದ್ದರು. ಹೆಂಗಸರ ಮತ್ತು ಮಕ್ಕಳ ದುಡಿಮೆಯನ್ನೂ ಶಕ್ತಿಯೆಂದು ಎಣಿಸಿ ಲೆಕ್ಕಕ್ಕೆ ತೆಗೆದುಕೊಂಡುದು ಈ ಸಂಶೋಧನೆಯ ವಿಶೇಷ.

ಮೊದಲನೆಯ ಪ್ರಯತ್ನವು ಸಫಲವಾಗಲಿಲ್ಲ. ಊರಿನ ದನಗಳ ಸಗಣಿಯಿಂದ ಅನಿಲವನ್ನು ತೆಗೆದು ಎಲ್ಲ ಮನೆಗಳ ಒಲೆಗೂ ಕೊಡಬೇಕೆಂಬುದು ವಿಜ್ಞಾನಿಗಳ ಯೋಚನೆ. ಅಷ್ಟು ಅಡಿಗೆಗೆ ಸಾಕಾಗುವಷ್ಟು ಸಗಣಿ ಊರಿನಲ್ಲಿ ಸಿಗಲಿಲ್ಲ. ಅಲ್ಲದೆ ಊರಿನವರ ಮೊದಲನೆಯ ಬಯಕೆ ಒಲೆಯ ಅನಿಲವಲ್ಲ, ಕುಡಿಯುವ ನೀರು. ಲೆಕ್ಕದ ಪುಸ್ತಕವು ಸೌದೆಯನ್ನು ತೋರಿಸಿತು. ಜನರು ಬಾವಿಯನ್ನು ತೋರಿಸಿದರು. ವಿಜ್ಞಾನಿಗಳು ಕೊನೆಗೆ ಜನರ ಮಾತಿಗೆ ಬಂದುದು ಅವರಿಗೆ ಗೌರವವನ್ನು ತರುವ ಸಂಗತಿ. 1987ರಿಂದ ಆ ಅನಿಲಕ್ಕೆ ಸ್ವಲ್ಪ ಡೀಸೆಲ್ಲನ್ನು ಕೂಡಿಸಿ 7 ಅಶ್ವಶಕ್ತಿಯ ಎಂಜಿನನ್ನು ನಡೆಯಿಸಿ ವಿದ್ಯುತ್ತನ್ನು ಉತ್ಪಾದಿಸತೊಡಗಿದರು. ಆ ವಿದ್ಯುತ್ತು ಕೊಳವೆಬಾವಿಯ ನೀರನ್ನೆತ್ತಿ ಬೀದಿಯ ನಲ್ಲಿಗಳಿಗೆ ಕೊಟ್ಟಿತು. ಸಂಜೆ ಮನೆಗಳಿಗೆ ದೀಪವಾಯಿತು.

ಇದನ್ನು ನಡೆಯಿಸಿದುದು ಊರಿನವರದೇ ಆದ ಗ್ರಾಮವಿಕಾಸ ಸಭೆ. ಅದು ಕಾಯಿದೆಯಿಂದ ಹುಟ್ಟಿದ ಪಂಚಾಯಿತಿಯಲ್ಲ. ಆದರೂ ಹಳೆಯ ಮಹಾಜನರ ಲಕ್ಷಣವು ಅದರಲ್ಲಿ ಕಾಣುತ್ತದೆ. ಯಂತ್ರವನ್ನು ನೋಡಿಕೊಳ್ಳುವವರು ಊರಿನ ಯುವಕರೇ. ಸಗಣಿಯನ್ನು ತಂದವರಿಗೆ ತೂಕಮಾಡಿ ಕಿಲೋಗ್ರಾಮಿಗೆ 2 ಪೈಸೆಯಂತೆ ಕೊಡುತ್ತಿದ್ದರು. ಈ ಪೈಸೆ ಬಹುಮಟ್ಟಿಗೆ ಹೆಂಗಸರ ಮತ್ತು ಮಕ್ಕಳ ಕೈ ಸೇರುತ್ತಿದ್ದಿತು. ಅನಿಲವು ಹೋದ ಮೇಲೆ ಉಳಿದ ಬಗ್ಗಡವು ಗೊಬ್ಬರವಾಗಿ, ತಂದವರ ಹೊಲಕ್ಕೇ ಹಿಂದಿರುಗುತ್ತಿದ್ದಿತು. ಸಗಣಿಯನ್ನು ಕೊಟ್ಟವನು ಗೊಬ್ಬರವನ್ನು ಕಳೆದುಕೊಳ್ಳಲಿಲ್ಲ.

ಎಲ್ಲರಿಗೂ ಸೇರಿದ ಸ್ವತ್ತನ್ನು ಒಬ್ಬೊಬ್ಬನೂ ತನ್ನ ಲಾಭವನ್ನೇ ನೋಡಿ ಹಾಳುಮಾಡುವನೆಂಬುದು 1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಮಂಡಿಸಿದ ಪ್ರಸಿದ್ಧ ವಾದ. ಪುರದ ಅನುಭವವು ಅದಕ್ಕೆ ವಿರುದ್ಧವೆಂದು ರೆಡ್ಡಿಯವರು ಬರೆದರು. ಸಗಣಿ ಬರದಿದ್ದರೆ ಅನಿಲವಿಲ್ಲ. ಅನಿಲವಿಲ್ಲದಿದ್ದರೆ ಆ ದಿನವೇ ನೀರೂ ಇಲ್ಲ, ದೀಪವೂ ಇಲ್ಲ. ಒಬ್ಬನ ಉದಾಸೀನದ ಫಲವು ಅವನ ಮನೆಯ ಕೊಡಕ್ಕೆ ಕೂಡಲೇ ತಿಳಿಯುತ್ತಿದ್ದಿತು. ನಷ್ಟವು ಲಾಭಕ್ಕಿಂತ ಹೆಚ್ಚಾದುದರಿಂದ ಜನರು ಸಾಮಾನ್ಯ ಸ್ವತ್ತನ್ನು ಕಾಪಾಡಿದರು. ಈ ವಿವರಣೆಯು ಒಪ್ಪತಕ್ಕುದೇ ಆಗಿದೆ. ಆದರೆ ಇದು ಎಲ್ಲರೂ ಎಲ್ಲರನ್ನೂ ಬಲ್ಲ ಚಿಕ್ಕ ಊರಿಗೆ ಒಪ್ಪುವ ಮಾತೆಂಬುದನ್ನೂ ಸೇರಿಸಿ ಹೇಳಬೇಕು. ಮೂಲವು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದುದೇ ಈ ವ್ಯವಸ್ಥೆಯ ಬಲ. ಬೆಂಗಳೂರಿನ ಬೀದಿಯಲ್ಲಿ ದೀಪವು ಹಗಲೆಲ್ಲ ಉರಿದರೆ ಯಾರ ಮನೆಯ ಕೊಡವೂ ಬರಿದಾಗುವುದಿಲ್ಲ.

ಅದೇ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ 2019ರ ವೇಳೆಗೆ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರೋದ್ಯಾನವು ಎದ್ದಿತು. ಭೂಮಿ ಐದು ಹಳ್ಳಿಗಳ ರೈತರದು, ಗೇಣಿಯ ಮೇಲೆ ಕೊಟ್ಟುದು. ಉದ್ಯಾನವನ್ನು ನಡೆಯಿಸುವುದು ಸರ್ಕಾರಗಳು ಕೂಡಿ ಮಾಡಿದ ಕಂಪೆನಿ. ಪಂಚಾಯಿತಿಗೆ 15ನೆಯ ವಿಷಯವು ಕಾಗದದ ಮೇಲಿದ್ದರೂ ಇಲ್ಲಿ ಅದು ಒಡೆಯನಾಗಲಿಲ್ಲ. ಶಿವನಸಮುದ್ರದ ಪದ್ಧತಿಯು ಬಿಸಿಲಿಗೂ ಅನ್ವಯಿಸಿತು.

ಬೆಂಗಳೂರಿನ ಉತ್ತರಕ್ಕೆ ಮರಳಿದರೆ, 2007ನೆಯ ಇಸವಿ ಮುಖ್ಯವಾದುದು. ಆ ವರ್ಷ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿಯೇ ಮೊದಲಾದ ಏಳು ನಗರಸಭೆಗಳೂ, ಕೆಂಗೇರಿಯ ಪುರಸಭೆಯೂ, ಸುತ್ತಣ 110 ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯಲ್ಲಿ ಸೇರಿಹೋದುವು. ಈ ಸೇರ್ಪಡೆಯನ್ನು ಕುರಿತು ತೆರಿಗೆ, ನೀರು, ರಸ್ತೆಗಳ ದೃಷ್ಟಿಯಿಂದ ಬಹಳ ಚರ್ಚೆ ನಡೆದಿದೆ. ಆ ಹಳ್ಳಿಗಳು ಹನ್ನೊಂದನೆಯ ಅನುಸೂಚಿಯಿಂದ ಹನ್ನೆರಡನೆಯದಕ್ಕೆ ದಾಟಿದುವೆಂಬುದನ್ನು ಗಮನಿಸಿದವರು ಕಡಮೆ. ನಗರವಾದ ದಿನವೇ ಅವು ಶಕ್ತಿಮೂಲದ ವಿಷಯವನ್ನು ಕಳೆದುಕೊಂಡು ಬೀದಿದೀಪದ ವಿಷಯವನ್ನು ಪಡೆದುವು. ಅದೇ ವರ್ಷ ರಾಜ್ಯದಲ್ಲಿ ಹೊಸ ಕಟ್ಟಡಗಳಿಗೆ ಬಿಸಿಲಿನಿಂದ ನೀರು ಕಾಯಿಸುವ ಸಾಧನವು ಕಡ್ಡಾಯವಾಯಿತು. ಈ ಕಟ್ಟಳೆಯಿಂದ ಬೆಂಗಳೂರಿನ ತಾರಸಿಗಳ ರೂಪವೇ ಬದಲಾಯಿತು. ಆದರೆ ಅದನ್ನು ಜಾರಿಗೆ ತಂದ ಬಲವು ಪಾಲಿಕೆಯದಲ್ಲ. ಸಾಧನವಿಲ್ಲದ ಮನೆಗೆ ಸಂಪರ್ಕವನ್ನು ಕೊಡದಿರುವ ಅಧಿಕಾರವುಳ್ಳ ಸರಬರಾಜು ಕಂಪೆನಿಯದು.

ಒಂದು ಅಪವಾದವನ್ನು ಇಲ್ಲಿ ಹೇಳಬೇಕು. ನಗರದ ಕಸವನ್ನು ಸುಟ್ಟು 11.5 ಮೆಗಾವಾಟ್ ವಿದ್ಯುತ್ತನ್ನು ಪಡೆಯುವ ಯಂತ್ರಾಲಯಕ್ಕೆ ಬಿಡದಿಯಲ್ಲಿ 2020ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಉತ್ಪಾದನಾ ನಿಗಮವೂ ಪಾಲಿಕೆಯೂ ಕೂಡಿ ಕೈಗೊಂಡ ಕಾರ್ಯವಿದು. ಕಸವನ್ನು ಸುಡುವುದು ಬತ್ತದ ಮೂಲವೆನಿಸಬಹುದೇ ಎಂಬ ವಿಷಯದಲ್ಲಿ ತಜ್ಞರಿಗೆ ಭಿನ್ನಾಭಿಪ್ರಾಯವಿದೆ. ಆದರೂ ಪುರದ ಸಗಣಿಯಂತೆ ಇಲ್ಲಿ ಇಂಧನವನ್ನು ಒದಗಿಸುವವಳು ನಗರವೇ. 1905ರಿಂದ ಕೊಳ್ಳುವ ಸ್ಥಾನದಲ್ಲಿಯೇ ಇದ್ದ ಸಭೆಯೊಂದು ಕೊಡುವ ಸ್ಥಾನಕ್ಕೆ ಬಂದುದಕ್ಕೆ ಇದು ನಿದರ್ಶನ.

ಯಲಹಂಕದಲ್ಲಿ 1993ರಿಂದ ಉತ್ಪಾದನಾ ನಿಗಮದ ಡೀಸೆಲ್ ಯಂತ್ರಾಲಯವಿದ್ದಿತು. ಅದು ನಿಂತ ಮೇಲೆ ಅಲ್ಲಿಯೇ 370 ಮೆಗಾವಾಟಿನ ಅನಿಲದ ಯಂತ್ರಾಲಯವನ್ನು ಕಟ್ಟಿ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿದರು. ಈ ಅನಿಲವು ಸಗಣಿಯದಲ್ಲ, ಭೂಗರ್ಭದ್ದು. ಕೊಳವೆಯಲ್ಲಿ ದೂರದಿಂದ ಬರುವುದು. 2025ರ ಸೆಪ್ಟೆಂಬರಿನಲ್ಲಿ ಮಹಾನಗರಪಾಲಿಕೆಯನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದಾಗ ಯಲಹಂಕವು ಬೆಂಗಳೂರು ಉತ್ತರ ನಗರಪಾಲಿಕೆಗೆ ಸೇರಿತು. ಹನ್ನೆರಡನೆಯ ಅನುಸೂಚಿಯ 17ನೆಯ ವಿಷಯವು 1993ರಲ್ಲಿದ್ದಂತೆಯೇ ಇದೆ.