ಘಟ್ಟ ಹತ್ತಿದವರ ಮಾತು

ಬೆಂಗಳೂರಿನ ಕೆಲಸ ಬಿಟ್ಟು ಕೊಪ್ಪದ ಕಡೆ ತೋಟ ಮಾಡಿಕೊಂಡಿರುವ ಓದುಗರೊಬ್ಬರು ‘ಘಾಟ್ ಸೆಕ್ಷನ್‌ನಲ್ಲಿ ಸೆಟ್ಲ್ ಆದ್ವಿ’ ಎಂದು ಬರೆದಿದ್ದಾರೆ. ಅವರ ತೋಟ ನೂರ್ಕಾಲ ಹಸಿರಾಗಿರಲಿ. ಆದರೆ ಆ ‘ಘಾಟ್ ಸೆಕ್ಷನ್’ ನನ್ನನ್ನು ಎರಡು ದಿನ ಕಾಡಿತು. ನಮ್ಮ ಘಟ್ಟವನ್ನೇ ಇಂಗ್ಲಿಷಿನ ಬಾಯಿಂದ ವಾಪಸ್ ಪಡೆದು, ತಿರುವುಗಳಿರುವ ಒಂದು ರಸ್ತೆಯ ತುಂಡಾಗಿ ಮಾಡಿಬಿಟ್ಟಿದ್ದೇವೆ. ಕೊಪ್ಪ ಇರುವುದು ಘಟ್ಟದ ಮೇಲೆ. ಹಾಗೆ ಹೇಳಲು ಏನು ಕಷ್ಟ?

ಕರಾವಳಿಯವರಿಗೆ ಘಟ್ಟ ಒಂದು ದಿಕ್ಕು. ‘ಘಟ್ಟದ ಮೇಲೆ ಹೋಗಿದ್ದಾನೆ’ ಎಂದರೆ ದುಡಿಮೆಗೆ ಹೋಗಿದ್ದಾನೆ, ಯಾವಾಗ ಬರುತ್ತಾನೋ ಎಂಬುದೆಲ್ಲ ಅದರಲ್ಲೇ ಬಂತು. ಮೇಲಿನವರನ್ನು ಕೆಳಗಿನವರು ಘಟ್ಟದವರು ಎನ್ನುತ್ತಾರೆ; ಕೆಳಗಿನಿಂದ ಹತ್ತಿಬಂದ ಕೂಲಿಯವರು ಮೇಲಿನವರ ಬಾಯಲ್ಲಿ ಘಟ್ಟದಾಳುಗಳು. ಇಂಥ ಆಳುಗಳನ್ನು ಕರೆತರುವ ಸೇರೆಗಾರ, ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಒಂದು ಪಾತ್ರವೇ ಆಗಿದ್ದಾನೆ. ‘ಬದುಕಿನ ಒಂದು ಘಟ್ಟ’ ಎಂಬ ಮಾತು ಹುಟ್ಟಿದ್ದು ತಲೆಹೊರೆ ಹೊತ್ತು ಹತ್ತಿದ ಇಂಥವರ ಬಾಯಲ್ಲೇ ಎಂದು ನಾನು ನಂಬಿದ್ದೇನೆ. ನಿಘಂಟಿನವರು ನದಿಯ ಸೋಪಾನ ತೋರಿಸಲಿ, ನನ್ನ ನಂಬಿಕೆ ಬಿಡಲಾರೆ.

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನಂತೂ ಘಟ್ಟದ ಕೆಳಗೆ ನಿಂತವರೇ ಕಟ್ಟಿರಬೇಕು. ಮೂಡಣಕ್ಕೆ ಮುಖ ಮಾಡಿದರೆ ಅವರಿಗೆ ಕಾಣುವುದು ನೀಲಿ ಗೋಡೆ. ಹತ್ತಿ ಹೋಗಿ ನಿಂತವನಿಗೆ ಆ ಗೋಡೆ ಎಲ್ಲೂ ಸಿಗುವುದಿಲ್ಲ. ಕಾನು, ಹಕ್ಕಲು, ಬ್ಯಾಣ, ಗದ್ದೆ, ಕಾಲಿಗೆ ಹತ್ತುವ ಇಂಬಳ ಸಿಗುತ್ತವೆ. ಹೊಸಬ ಮೊದಲು ಕಲಿಯಬೇಕಾದದ್ದು ಈ ಹೆಸರುಗಳನ್ನು. ಶಿರಸಿ, ಸಾಗರದ ಅಡಿಕೆ ಬೆಳೆಗಾರರಲ್ಲಿ ‘ಬೆಟ್ಟ’ ಎಂದರೆ ಶಿಖರವೂ ಅಲ್ಲ, ತೋಟಕ್ಕೆ ಸೊಪ್ಪು ಕೊಡುವ ಕಾಡುಭೂಮಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಇಂಥ ಬೆಟ್ಟದ ಸವಲತ್ತು ಉಂಟು. ಅಲ್ಲಿನ ಸೊಪ್ಪು, ದರಕು (ಒಣ ಎಲೆ) ಕೊಟ್ಟಿಗೆಗೆ ಬಿದ್ದು, ಗೊಬ್ಬರವಾಗಿ, ಅಡಿಕೆಯ ಬುಡ ಸೇರುತ್ತದೆ. ಆ ಬೆಳೆಗಾರನ ಮುಂದೆ ಗಾದೆ ಹೇಳಿ ನೋಡಿ. ನುಣ್ಣಗಿನ ಬೆಟ್ಟವೆಂದರೆ ಸೊಪ್ಪು ಬೋಳಾದ ಬೆಟ್ಟ, ತೋಟ ಸೊರಗುವ ಸೂಚನೆ. ದೂರದಿಂದ ನೋಡಿದವನ ಚೆಲುವು ಹತ್ತಿರದವನಿಗೆ ಅನಾಹುತ! ಈ ಗಾದೆ ಶಾಲೆಯಲ್ಲಿ ವಿವರಿಸುವಾಗ ಯಾವ ಮೇಷ್ಟ್ರೂ ಇದನ್ನು ಹೇಳಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಬೇಸರ.

ಸೆಟ್ಲ್ ಆಗುವುದು ಸಾಮಾನು ಇಳಿಸಿದ ದಿನವೇ ಮುಗಿದುಹೋಗುತ್ತದೆ. ಒಗ್ಗುವುದು ಹಾಗಲ್ಲ. ಮೊದಲು ನೀರು ಒಗ್ಗಬೇಕು, ಆಮೇಲೆ ಥಂಡಿ, ಆಮೇಲೆ ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಒಣಗದ ಬಟ್ಟೆ. ಇವೆಲ್ಲದರ ನಂತರ, ತೀರಾ ನಿಧಾನವಾಗಿ, ಮಾತು ಮಗ್ಗುಲು ಬದಲಿಸುತ್ತದೆ. ಕರಾವಳಿಯ ಕುಂದಾಪುರದಲ್ಲಿ ಹುಟ್ಟಿ ಘಟ್ಟದ ಮೇಲೆ ನೆಲೆಸಿದವರು ತವರಿಗೆ ಹೊರಡುವಾಗ ‘ಊರಿಗೆ ಹೋಗುತ್ತೇನೆ’ ಎನ್ನುವುದನ್ನು ಯಾವತ್ತೋ ಬಿಟ್ಟು, ‘ಘಟ್ಟ ಇಳಿದು ಬರ್ತೇನೆ’ ಎನ್ನತೊಡಗುತ್ತಾರೆ. ಹೋದವರು ನಾಲ್ಕು ದಿನಕ್ಕೆಂದು ಹೊರಟು ಎರಡನೇ ದಿನಕ್ಕೇ ಹಿಂದಿರುಗಿ, ‘ಕೆಳಗೆ ಎಂಥಾ ಸೆಕೆ ಮಾರಾಯ, ಹೇಗೆ ಇರ್ತಾರೋ!’ ಎನ್ನುತ್ತಾರೆ.