ಅಳತೆ ಮರೆತ ತಂತ್ರಾಂಶ

2001ರ ಜುಲೈ 19ರಂದು, ಸುಮಾರು 14 ಗಂಟೆಗಳ ಅವಧಿಯಲ್ಲಿ, ಜಗತ್ತಿನ 3,59,000ಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಒಂದೇ ಸೋಂಕು ತಗುಲಿತು. ಅದರ ಹೆಸರು ‘ಕೋಡ್ ರೆಡ್’. ಅದನ್ನು ಪರೀಕ್ಷಿಸಿದ ತಜ್ಞರು ಆಗ ಕುಡಿಯುತ್ತಿದ್ದ ತಂಪು ಪಾನೀಯದ ಹೆಸರನ್ನೇ ಅದಕ್ಕೆ ಇಟ್ಟಿದ್ದರು.

ಅಂತರಜಾಲದ ಪುಟಗಳನ್ನು ಒದಗಿಸುವ ಮೈಕ್ರೋಸಾಫ್ಟ್‌ನ ಐಐಎಸ್ ತಂತ್ರಾಂಶದ ಲೋಪವೊಂದು ಇದಕ್ಕೆ ದಾರಿಯಾಯಿತು. ಹೊರಗಿನಿಂದ ಬರುವ ಕೋರಿಕೆಯನ್ನು ಇರಿಸಿಕೊಳ್ಳಲು ತಂತ್ರಾಂಶವು ಯಂತ್ರದ ಸ್ಮೃತಿಯಲ್ಲಿ ಇಂತಿಷ್ಟೇ ಜಾಗ ಕಾದಿರಿಸುತ್ತದೆ. ಬಂದದ್ದು ಅದಕ್ಕಿಂತ ಉದ್ದವೇ ಎಂದು ಮೊದಲು ಅಳೆಯಬೇಕು. ಇಲ್ಲಿ ಆ ಅಳತೆ ಸರಿಯಾಗಿ ನಡೆಯಲಿಲ್ಲ. ಪಾವಿಗೆ ಸೇರಕ್ಕಿ ಸುರಿದಂತೆ, ಹೆಚ್ಚಾದದ್ದು ಚೆಲ್ಲಿ ಪಕ್ಕದ ಜಾಗವನ್ನು ಆವರಿಸಿತು. ಯಂತ್ರ ಮುಂದೇನು ಮಾಡಬೇಕೆಂಬ ಸೂಚನೆ ಇದ್ದುದು ಅಲ್ಲಿಯೇ. ಅದನ್ನು ಬದಲಿಸಿದವರ ಕೈಗೆ ಯಂತ್ರವೇ ಸಿಕ್ಕಿತು.

ಸೋಂಕು ತಗುಲಿದ ಯಂತ್ರ ತಾನಾಗಿಯೇ ಬೇರೆ ಯಂತ್ರಗಳನ್ನು ಹುಡುಕಿ ಅದೇ ಕೋರಿಕೆಯನ್ನು ಕಳುಹಿಸುತ್ತಿತ್ತು. ಬಳಿಕ ಎಲ್ಲವೂ ಒಟ್ಟಾಗಿ ಅಮೆರಿಕದ ಶ್ವೇತಭವನದ ಜಾಲತಾಣದ ಮೇಲೆ ಮುಗಿಬೀಳಬೇಕೆಂಬುದು ಹಂಚಿಕೆ. ದಾಳಿಯ ಗುರಿ ತಾಣದ ಹೆಸರಾಗಿರದೆ ಅದರ ಅಂಕಿ ವಿಳಾಸವಾಗಿತ್ತು. ಆ ವಿಳಾಸವನ್ನು ಬದಲಿಸಿ ತಾಣವನ್ನು ಉಳಿಸಿಕೊಳ್ಳಲಾಯಿತು.

ವಿಷಾದದ ಸಂಗತಿಯೆಂದರೆ, ಲೋಪವನ್ನು ಸರಿಪಡಿಸುವ ತೇಪೆಯನ್ನು ಮೈಕ್ರೋಸಾಫ್ಟ್ ಜೂನ್ 18ರಂದೇ ಬಿಡುಗಡೆ ಮಾಡಿತ್ತು. ತಿಂಗಳ ಕಾಲ ಮದ್ದು ಕೈಗೆಟುಕುವಂತಿದ್ದರೂ ಲಕ್ಷಾಂತರ ಯಂತ್ರಗಳಿಗೆ ಅದು ಸೇರಲಿಲ್ಲ. ಕೆಲವರು ಉದಾಸೀನ ಮಾಡಿದರು. ತಮ್ಮ ಯಂತ್ರದಲ್ಲಿ ಐಐಎಸ್ ನಡೆಯುತ್ತಿದೆ ಎಂಬುದೇ ಇನ್ನು ಕೆಲವರಿಗೆ ತಿಳಿದಿರಲಿಲ್ಲ. ತಪ್ಪು ಹುಟ್ಟಿದ್ದು ಬರೆದವರಿಂದ. ಅದು ಪಿಡುಗಾಗಿ ಬೆಳೆದದ್ದು ತಮ್ಮ ಮನೆಯ ಬಾಗಿಲು ತೆರೆದಿದೆಯೆಂದು ಅರಿಯದವರಿಂದ.